ಪೊರೆಯೋ ಹೊರೆಯೋ

ಫೆಬ್ರವರಿ ೩

ಪ್ರೀತಿಯ ಮೊದ್ದು,

ನಿನ್ನ ಜನವರಿಯ ಕಾಗದ ಬಂತು. ಒಂದೂವರೆ ಪುಟದಲ್ಲಿ ಹನ್ನೊಂದು ತಪ್ಪು. "ಆರೋಗ್ಯ"ಕ್ಕೆ ದೀರ್ಘ ಬೇಕು. "ಹೆಂಡತಿ"ಗೆ ಮಹಾಪ್ರಾಣ ಬೇಡ, ಅವಳಿಗೆ ಇರುವ ಪ್ರಾಣವನ್ನೇ ನೀನು ತಿನ್ನುತ್ತಿದ್ದೀಯ. ಫೋನ್ ಮಾಡಬಾರದೇ ಎಂದು ಮತ್ತೆ ಕೇಳಿದ್ದೀಯ. ಫೋನಿನಲ್ಲಿ ನಾವಿಬ್ಬರೂ ಮೂರನೆಯ ನಿಮಿಷಕ್ಕೆ ಜಗಳಕ್ಕೆ ಬೀಳುತ್ತೇವೆ. ಕಾಗದದಲ್ಲಾದರೆ ಜಗಳ ಶುರುವಾಗುವುದಕ್ಕೂ ಹತ್ತು ದಿನ ಬೇಕು.

ಇಲ್ಲಿ ಕಾಲ ಕೆಟ್ಟಿದೆ. ಪ್ರೆಸ್ಸಿಗೆ ಬರುವ ಕಾಗದ ಹೊಗೆ ಬಣ್ಣಕ್ಕೆ ತಿರುಗಿದೆ. ಶಾಯಿಗೆ ನೀರು ಬೆರೆಸುತ್ತಾರೆ. ಟ್ಯೂಬ್‌ಲೈಟಿನ ಸುತ್ತ ಬಳೆಯ ಹಾಗೆ ಒಂದು ಬೆಳಕು ಕೂತಿರುತ್ತದೆ, ಯಾರಿಗೆ ಹೇಳಿದರೂ ರಿಪೇರಿ ಮಾಡಿಸುವುದಿಲ್ಲ. ಮೂವತ್ತೆಂಟು ವರ್ಷ ಇದೇ ಕಿಟಕಿಯ ಕೆಳಗೆ ಅಡಿಕೋಲನ್ನು ಸಾಲಿನಿಂದ ಸಾಲಿಗೆ ಇಳಿಸುತ್ತಾ ಕರಡು ತಿದ್ದಿದ್ದೇನೆ. ಒಂದು ಸೊನ್ನೆಯೂ ನನ್ನ ಕೈ ತಪ್ಪಿಸಿಕೊಂಡು ಹೋಗಿರಲಿಲ್ಲ.

ಹೋದ ವಾರ ಹಲ್ಲಿನ ಡಾಕ್ಟರೊಬ್ಬರ ಕರಪತ್ರ ಬಂತು. "ನೋವಿಲ್ಲದೆ ಹಲ್ಲು ಕೀಳಲಾಗುವುದು" ಎಂದಿರಬೇಕಾದಲ್ಲಿ "ನೋವಿಲ್ಲದೆ ಹುಲ್ಲು ಕೀಳಲಾಗುವುದು" ಎಂದು ಎರಡು ಸಾವಿರ ಪ್ರತಿ ಅಚ್ಚಾಗಿ ಮನೆಮನೆಗೂ ಹೋಯಿತು. ಮೂರು ಜನ ಡಾಕ್ಟರಿಗೆ ಫೋನ್ ಮಾಡಿ, ಅಂಗಳ ದೊಡ್ಡದಿದೆ, ಯಾವಾಗ ಬರುತ್ತೀರಿ ಎಂದು ಕೇಳಿದರಂತೆ. ಪ್ರೆಸ್ಸಿನ ಯಜಮಾನ ನನ್ನ ಮೇಜಿನ ಮುಂದೆ ಬಂದು ನಿಂತ. ಅವನ ಅಪ್ಪನ ಕಾಲದಲ್ಲಿ ಚಡ್ಡಿ ಹಾಕಿಕೊಂಡು ನನ್ನ ಕೆಂಪು ಪೆನ್ನು ಕದಿಯುತ್ತಿದ್ದವನು. "ಅಮ್ಮಾ, ಕಣ್ಣು ತೋರಿಸ್ಕೊಳ್ಳಿ. ಇನ್ನೊಂದ್ಸಲ ಹೀಗಾದ್ರೆ ನಾನು ಬೇರೆಯವರನ್ನ ನೋಡ್ಕೋಬೇಕಾಗುತ್ತೆ" ಅಂದ.

ತೋರಿಸಿಕೊಂಡೆ. ಎರಡೂ ಕಣ್ಣಿಗೆ ಪೊರೆ ಬಂದಿದೆಯಂತೆ, ಆಪರೇಷನ್ ಆಗಬೇಕಂತೆ. ಅಷ್ಟು ಅವಸರ ಏಕೆ? ಪೊರೆ ಹಣ್ಣಾಗಲಿ ಎಂದು ಎದ್ದು ಬಂದೆ. ಕಾಯಿ ಕಿತ್ತು ಯಾರಿಗೆ ಏನು ಪ್ರಯೋಜನ?

ಕೆಲಸ ಹೋದರೆ ನಿನ್ನ ಮನೆಗೇ ಬಂದು ಇದ್ದುಬಿಡುತ್ತೇನೆ. ಮೂಲೆಯಲ್ಲಿ ಒಂದು ಕುರ್ಚಿ ಹಾಕಿದರೆ ಸಾಕು. ಏನನ್ನುತ್ತೀ?

ನಿನ್ನ ಅಕ್ಕ


ಫೆಬ್ರವರಿ ೧೪

ಅಕ್ಕಾ,

ಹುಲ್ಲಿನ ಡಾಕ್ಟರ ಕಥೆಗೆ ನಾನೂ ಮನೆಯವಳೂ ಬಿದ್ದು ಬಿದ್ದು ನಕ್ಕೆವು. ಆದರೆ ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕಾಗದ, ಶಾಯಿ, ಟ್ಯೂಬ್‌ಲೈಟು, ಎಲ್ಲವೂ ಒಂದೇ ಸಲ ಕೆಡುತ್ತವೆಯೇ? ಕೆಟ್ಟಿರುವುದು ನಿನ್ನ ಕಣ್ಣು.

ನಿನಗೆ ಹೇಳಿರಲಿಲ್ಲ. ನಾನೂ ಮಾಡಿಸಿಕೊಂಡೆ, ಡಿಸೆಂಬರಿನಲ್ಲಿ. ಏನೇನೂ ಇಲ್ಲ! ಡಾಕ್ಟರು ಕಣ್ಣನ್ನು ಮೆತ್ತಗೆ ಹೊರಗೆ ತೆಗೆದರು, ಬಟ್ಟಲಲ್ಲಿ ಹಾಕಿ ಗಲಗಲ ತೊಳೆದರು, ಒರೆಸಿ ಒಳಗಿಟ್ಟರು. ಅಷ್ಟು ಹೊತ್ತೂ ನಾನು ಇನ್ನೊಂದು ಕಣ್ಣಲ್ಲಿ ಅವರ ಗೋಡೆ ನೋಡುತ್ತಾ, "ಸಾರ್, ಈ ಮೂಲೇಲಿ ಎರಡನೇ ಕೋಟು ಕೊಟ್ಟಿಲ್ಲ ನೋಡಿ" ಅನ್ನುತ್ತಿದ್ದೆ. ಡಾಕ್ಟರು ನನ್ನ ಧೈರ್ಯ ನೋಡಿ ಬೆರಗಾದರು.

ಬಣ್ಣ ಬಳಿಯುವ ಕೆಲಸ ಚೆನ್ನಾಗಿ ನಡೆದಿದೆ. ಗಿರಾಕಿಗಳಿಗೇ ಕಣ್ಣಿಲ್ಲ. ಒಬ್ಬ ಮೇಷ್ಟ್ರು ಬಿಳಿ ಬಣ್ಣ ಬೇಕು ಅಂದರು. ಡಬ್ಬದ ಬಿಳಿ ಯಾಕೋ ಬೆಣ್ಣೆಯ ಹಾಗೆ ಹಳದಿಯಾಗಿತ್ತು. ನೀಲಿ ಬೆರೆಸಿ ಬೆರೆಸಿ ಅಚ್ಚ ಬಿಳಿಗೆ ತಂದು ಮೂರು ರೂಮು ಬಳಿದುಕೊಟ್ಟೆ. ಮೇಷ್ಟ್ರು ಬಾಗಿಲಲ್ಲಿ ನಿಂತು, "ಏನ್ರೀ ಇದು, ಈಜುಕೊಳ ಮಾಡಿಟ್ಟಿದ್ದೀರಲ್ರೀ" ಅಂದರು. ಪಾಪ, ಅವರಿಗೂ ವಯಸ್ಸಾಯಿತು.

ಇಲ್ಲಿಗೆ ಬಂದು ಇರುವ ಮಾತು ಬರೆದಿದ್ದೀಯ. ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ವಯಸ್ಸಾದ ಮೇಲೆ ಪೊರೆ ಆಗುವುದು ಸಹಜ, ಅದರಲ್ಲಿ ನಾಚಿಕೆ ಏನಿಲ್ಲ. ಆದರೂ ಪೊರೆ ಪೊರೆಯೇ. ಎಷ್ಟು ದಿನ ಅಂತ ಇಟ್ಟುಕೊಂಡು ಒದ್ದಾಡುವುದು? ಬೇಗ ಕಳಚಿಕೊಂಡಷ್ಟೂ ಎಲ್ಲರಿಗೂ ನೆಮ್ಮದಿ. ಮನೆಯವಳೂ ಅದೇ ಅಂದಳು.

ನಿನ್ನ ಮೊದ್ದು


ಫೆಬ್ರವರಿ ೨೩

ಶ್ರೀಯುತ ಬಣ್ಣದ ಕಂಟ್ರಾಕ್ಟರರಿಗೆ,

ತಮ್ಮ ಪತ್ರ ತಲುಪಿತು. ತಮ್ಮ ಕೋಳಿಕಾಲಿನ ಅಕ್ಷರವನ್ನು ಕಿಟಕಿಗೆ ಹಿಡಿದು ನಾಲ್ಕು ಸಲ ಓದಿದೆ. "ವಯಸ್ಸಾದ ಮೇಲೆ ಹೊರೆ ಆಗುವುದು ಸಹಜ. ಹೊರೆ ಹೊರೆಯೇ. ಬೇಗ ಕಳಚಿಕೊಂಡಷ್ಟೂ ಎಲ್ಲರಿಗೂ ನೆಮ್ಮದಿ." ಕಾಗುಣಿತದ ತಪ್ಪು ಒಂದೂ ಇಲ್ಲ. ತಮ್ಮ ಜೀವಮಾನದಲ್ಲಿ ಮೊದಲ ಸಲ ಒಂದು ಪ್ಯಾರಾ ಸರಿಯಾಗಿ ಬರೆದಿದ್ದೀರಿ, ಅಭಿನಂದನೆಗಳು.

ನನ್ನದು ಒಂದೇ ಪ್ರಶ್ನೆ. ಇಷ್ಟು ವರ್ಷದ ಮೇಲೆ ಇದು ಹೊರೆಯೇ? ಹೌದು ಅಥವಾ ಅಲ್ಲ ಎಂದು ಉತ್ತರಿಸತಕ್ಕದ್ದು.

ಇತಿ,
ಕರಡು ತಿದ್ದುವವಳು


ಮಾರ್ಚ್ ೪

ಅಕ್ಕಾ,

ಇದೇನು, ಶ್ರೀಯುತ ಗೀಯುತ? ಪ್ರೆಸ್ಸಿನಲ್ಲಿ ಯಾರದೋ ಸರ್ಕಾರಿ ಕಾಗದ ತಿದ್ದಿ ಅದೇ ಗುಂಗಿನಲ್ಲಿ ಬರೆದೆಯಾ? ನಿನ್ನ ತಮಾಷೆಗೆ ಮಿತಿಯೇ ಇಲ್ಲ.

ನಿನ್ನ ಪ್ರಶ್ನೆಗೆ ಉತ್ತರ: ಹೌದು. ನಿಸ್ಸಂದೇಹವಾಗಿ ಪೊರೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ನನ್ನ ಮಾತು ನಂಬದಿದ್ದರೆ ಬೇಡ, ಪಕ್ಕದ ಮನೆಯ ನರ್ಸಮ್ಮನನ್ನೂ ಕೇಳಿದೆ. ಕಣ್ಣಾಸ್ಪತ್ರೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ನಿನ್ನ ಲಕ್ಷಣವೆಲ್ಲ ಹೇಳಿದ ಕೂಡಲೇ, "ಅನುಮಾನಾನೇ ಇಲ್ಲ, ಪೊರೆ" ಅಂದರು. ನಿನ್ನಂಥವರನ್ನು ಅವರು ದಿನಕ್ಕೆ ಇಪ್ಪತ್ತು ಜನರನ್ನು ಸಾಗಹಾಕುತ್ತಿದ್ದರಂತೆ.

ಇನ್ನೊಂದು ಮಾತು. ಪೊರೆ ಹಳೆಯದಾದಷ್ಟೂ ಗಟ್ಟಿಯಾಗುತ್ತದಂತೆ, ಆಮೇಲೆ ಕೀಳುವುದು ಕಷ್ಟ. ಹಣ್ಣಾಗಲಿ ಅಂತ ಕಾಯುವುದು ನಮ್ಮಜ್ಜಿ ಕಾಲದ ಮಾತು. ಆದ್ದರಿಂದ ಹಠ ಬಿಡು, ಬೇಗ ತೊಲಗಿಸು.

ನಿನ್ನ ಮೊದ್ದು


ಮಾರ್ಚ್ ೨೮

ಅಕ್ಕಾ,

ಕಾಗದವೇ ಇಲ್ಲ. ನಿನ್ನ ಅಡ್ಡಮೋರೆಯ ಯಜಮಾನ ಅಂಚೆಚೀಟಿಗೂ ಕತ್ತರಿ ಹಾಕಿದನಾ? ಒಂದು ಸಾಲು ಬರೆ. ತಪ್ಪು ಲೆಕ್ಕ ಹಾಕಿಯಾದರೂ ಕಳಿಸು.

ಮೊದ್ದು


ಏಪ್ರಿಲ್ ೧೨

ಅಕ್ಕಾ,

ಮೊನ್ನೆ ನಿಷೇಧ ಮುರಿದು ಫೋನೂ ಮಾಡಿದೆ. ನೀನು ಎತ್ತಿದೆ, ನಾನು "ಅಕ್ಕಾ" ಅಂದೆ, ನೀನು ಇಟ್ಟೆ. ಏನಾಗಿದೆ ನಿನಗೆ? ನಾನು ಏನು ಅಂದೆ? ಆಪರೇಷನ್ ಮಾಡಿಸು ಅಂದದ್ದಕ್ಕೆ ಇಷ್ಟು ಸಿಟ್ಟೇ? ಸರಿ, ಬೇಡ ಬಿಡು. ಪೊರೆ ಇರಲಿ. ನನಗೆ ಪೊರೆ ಇರುವ ಅಕ್ಕನೇ ಸಾಕು.

ನನಗೂ ಇಲ್ಲಿ ಗ್ರಹಚಾರ. ಏಣಿಯ ಎರಡನೆಯ ಮೆಟ್ಟಿಲು ತಾನಾಗಿಯೇ ಜಾಗ ಬಿಟ್ಟು ಸರಿಯಿತು. ಬಿದ್ದೆ. ಜಾಸ್ತಿ ಏನಿಲ್ಲ, ಕೂರಲು ಆಗುವುದಿಲ್ಲ ಅಷ್ಟೇ. ಮನೆಯವಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಈಗ ನೀನೂ ಬಿಟ್ಟರೆ ನಾನು ಗೋಡೆಯ ಜೊತೆ ಮಾತಾಡಬೇಕು.

ಮೊದ್ದು


ಏಪ್ರಿಲ್ ೨೦

ಪ್ರೀತಿಯ ಮೊದ್ದು,

ಈ ಕಾಗದವನ್ನು ಕನ್ನಡಕ ಇಲ್ಲದೆ ಬರೆಯುತ್ತಿದ್ದೇನೆ. ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ, ನಿನ್ನ ತಪ್ಪಿಗೆ ಆಮೇಲೆ ಬರುತ್ತೇನೆ.

ನಿನ್ನ ಮಾರ್ಚಿನ ಉತ್ತರ ಬಂದ ದಿನ ನಾನು ಊಟ ಮಾಡಲಿಲ್ಲ. ನಾನು ಹೊರೆಯೇ ಎಂದು ಕೇಳಿದರೆ ತಮ್ಮ ಹೌದು, ನಿಸ್ಸಂದೇಹವಾಗಿ ಹೊರೆ ಎನ್ನುತ್ತಾನೆ! ಪಕ್ಕದ ಮನೆಯವರ ಸಾಕ್ಷಿಯನ್ನೂ ಹಾಕುತ್ತಾನೆ! ಮರುದಿನ ಎರಡೂ ಕಾಗದ ಹಿಡಿದು ಯಜಮಾನನ ಮುಂದೆ ನಿಂತೆ. "ನೋಡಪ್ಪಾ, ನಾನೇ ಎತ್ತಿ ಆಡಿಸಿದ ತಮ್ಮ ನನ್ನನ್ನ ಹೊರೆ ಅಂತಾನೆ. ನನಗೆ ಹೋಗೋಕೆ ಇನ್ನೆಲ್ಲೂ ಜಾಗ ಇಲ್ಲ. ಈ ಮೇಜು ಬಿಡಿಸಬೇಡ" ಅಂದೆ.

ಅವನು ಓದಿದ. ಮತ್ತೆ ಓದಿದ. "ಅಮ್ಮಾ, ಇದು ಹೊರೆ ಅಲ್ಲ. ಪೊರೆ. ಪೊರಕೆಯ ಪೊ" ಅಂದ. ಸುಳ್ಳು ಅಂದೆ. ಮೆಷಿನ್ ಓಡಿಸುವವನನ್ನು ಕರೆದ, ಅವನೂ ಪೊ ಅಂದ. ಬೈಂಡಿಂಗಿನ ಹೆಂಗಸು ಕೈಯ ಅಂಟು ಒರೆಸಿಕೊಂಡು ಬಂದು ನೋಡಿ ಪೊ ಅಂದಳು. ಇಡೀ ಪ್ರೆಸ್ಸು ನನ್ನ ಸುತ್ತ ನಿಂತು ಪೊ, ಪೊ ಅಂದಿತು. ಯಜಮಾನ ಮಾತ್ರ ನಗಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. ಬೇರೆಯವರ ತಪ್ಪು ಹುಡುಕಿ ಮೂವತ್ತೆಂಟು ವರ್ಷ ಅನ್ನ ತಿಂದವಳು ಸ್ವಂತ ತಮ್ಮನ ಕಾಗದದಲ್ಲಿ ಒಂದು ಅಕ್ಷರ ತಪ್ಪು ಓದಿ ಹದಿನೈದು ದಿನ ಅತ್ತಿದ್ದೆ.

ಅವತ್ತೇ ನಿನಗೆ ಬರೆಯಬಹುದಿತ್ತು. ನಾಚಿಕೆಯಾಯಿತು. ಬೇರೆಯವರ ಕಣ್ಣಿನ ಸಾಕ್ಷಿಯ ಮೇಲೆ ಕ್ಷಮೆ ಕೇಳುವುದಿಲ್ಲ, ನನ್ನ ಕಣ್ಣಲ್ಲೇ ಆ ಪೊ ನೋಡುತ್ತೇನೆ ಎಂದು ಹಠ ಹಿಡಿದೆ. ಫೋನಿನಲ್ಲಿ ನಿನ್ನ ದನಿ ಕೇಳಿ ಹಠ ಅಲ್ಲೇ ಮುರಿದುಬಿಡುತ್ತದೆ ಅನ್ನಿಸಿತು, ಅದಕ್ಕೇ ಇಟ್ಟೆ.

ಕಣ್ಣಾಸ್ಪತ್ರೆಗೆ ಹೋದೆ. ಬಟ್ಟಲಲ್ಲಿ ತೊಳೆಯುವಾಗ ಸೋಪು ಹಾಕುತ್ತೀರಾ, ನನಗೆ ಸೋಪು ಒಗ್ಗುವುದಿಲ್ಲ ಎಂದು ಡಾಕ್ಟರಮ್ಮನನ್ನು ಕೇಳಿದೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಕಣ್ಣನ್ನು ಯಾರೂ ಹೊರಗೆ ತೆಗೆಯುವುದಿಲ್ಲವಂತೆ! ಪೊರೆ ಎಂದರೆ ಹಾಲಿನ ಕೆನೆಯ ಹಾಗೆ ಮೇಲೆ ಕಟ್ಟಿದ್ದೂ ಅಲ್ಲವಂತೆ. ಕಣ್ಣಿನೊಳಗಿನ ಮಸೂರವೇ ಮಬ್ಬಾಗುತ್ತದಂತೆ. ಹನಿ ಬಿಟ್ಟು ಮರಗಟ್ಟಿಸುತ್ತಾರೆ, ಎಳ್ಳುಕಾಳಿನಷ್ಟು ಉದ್ದ ಕೊಯ್ಯುತ್ತಾರೆ, ಮಬ್ಬಾದ ಮಸೂರವನ್ನು ಒಳಗೇ ಪುಡಿ ಮಾಡಿ ಹೀರಿ, ಮಡಿಸಿದ ಹೊಸದನ್ನು ಒಳಗೆ ಬಿಡುತ್ತಾರೆ. ಅದು ತಾನೇ ಬಿಚ್ಚಿಕೊಳ್ಳುತ್ತದೆ. ನನ್ನದಕ್ಕೆ ಹೊಲಿಗೆಯೂ ಬೇಕಾಗಲಿಲ್ಲ. ಹದಿನೈದು ನಿಮಿಷ. ನನಗೆ ಕಂಡದ್ದು ಬರೀ ಬೆಳಕು, ಕೇಳಿದ್ದು ಮೆಷಿನ್ನಿನ ಗುಂಯ್ ಸದ್ದು. "ದೂರ ಕಾಣೋ ಮಸೂರ ಹಾಕ್ಲಾ, ಹತ್ತಿರ ಕಾಣೋದು ಹಾಕ್ಲಾ?" ಎಂದು ಮೊದಲೇ ಕೇಳಿದ್ದರು. ದೂರದಲ್ಲಿ ನೋಡುವಂಥದ್ದು ನನಗೇನಿದೆ, ಹದಿನಾಲ್ಕು ಅಂಗುಲದಲ್ಲಿ ಅಕ್ಷರ ಕಂಡರೆ ಸಾಕು ಅಂದೆ.

ಸದ್ಯಕ್ಕೆ ಒಂದು ಕಣ್ಣಿಗೆ ಮಾತ್ರ ಮಾಡಿದ್ದಾರೆ. ಮರುದಿನ ಪಟ್ಟಿ ಬಿಚ್ಚಿದರು. ಅಬ್ಬಬ್ಬಾ, ಕಾಗದ ಬಿಳಿ! ಶಾಯಿ ಕಪ್ಪು! ಶಾಯಿಗೆ ನೀರು ಬೆರೆಸುತ್ತಾನೆ ಎಂದು ಊರೆಲ್ಲ ಸಾರಿದ್ದೆ, ಯಜಮಾನನ ಹತ್ತಿರ ಕ್ಷಮೆ ಕೇಳಿದೆ. ನನ್ನ ಕೋಣೆಯ ಮೂಲೆಯಲ್ಲಿ ಜೇಡಗಳು ಸಂಸಾರ ಸಮೇತ ಇದ್ದವು, ಅವುಗಳ ಹತ್ತಿರ ಕೇಳಲಿಲ್ಲ. ಒಂದು ವಾರ ನೀರು ತಾಗಿಸಬೇಡ, ಉಜ್ಜಬೇಡ, ತೂಕ ಎತ್ತಬೇಡ ಅಂದರು, ದಿನಕ್ಕೆ ನಾಲ್ಕು ಸಲ ಹನಿ. ಅದೆಲ್ಲ ಮುಗಿಸಿ ನಿನ್ನ ಕಾಗದಗಳನ್ನು ಹರಡಿಕೊಂಡು ಕೂತೆ. ಪೊ ಸಿಕ್ಕಿತು. ಕ್ಷಮಿಸು. ಬಾಯಿ ಬಿಟ್ಟು ಹೇಳುತ್ತಿದ್ದೇನೆ, ಕ್ಷಮಿಸು.

ಈಗ ನಿನ್ನ ಸರದಿ. ನಾನು ಬರೆದದ್ದು ಹೊರೆ. ನನ್ನ ಅಕ್ಷರ ಮುತ್ತು ಪೋಣಿಸಿದಂತೆ ಎಂದು ಹೇಳಿದವರು ನೂರು ಜನ. ಅದನ್ನು ನೀನು ಪೊರೆ ಎಂದು ಓದಿದೆ. ಹೊಸ ಕಣ್ಣಿನವನು ಹಾಗೆ ಓದುತ್ತಾನೆಯೇ? ಹೊಸ ಕಣ್ಣಿನವನಿಗೆ ಬಿಳಿ ಬಣ್ಣ ಬೆಣ್ಣೆಯಾಗಿ ಕಾಣುತ್ತದೆಯೇ? ಏಣಿಯ ಮೆಟ್ಟಿಲು ಸರಿಯುತ್ತದೆಯೇ? ನಿನ್ನ ಸಾಲುಗಳು ಬಲಕ್ಕೆ ಹೋಗುತ್ತಾ ಇಳಿಜಾರಿನಲ್ಲಿ ಉರುಳುತ್ತಿವೆ, ಕೊನೆಯ ಅಕ್ಷರಗಳು ಒಂದರ ಮೇಲೊಂದು ಹತ್ತಿ ಕೂತಿವೆ. ಊರಿಗೆ ಉಪದೇಶ ಮಾಡುವ ನೀನು ಆಪರೇಷನ್ ಮಾಡಿಸಿಕೊಂಡೇ ಇಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಕಾಣುವುದಿಲ್ಲವೇ? ಹೌದು ಅಥವಾ ಅಲ್ಲ ಎಂದು ಬರೆ. ಈ ಸಲ ಪ್ರಶ್ನೆಯನ್ನು ಬೇರೆ ಯಾರಿಂದಲಾದರೂ ಓದಿಸಿಕೋ.

ನಿನ್ನ ಅಕ್ಕ


ಏಪ್ರಿಲ್ ೨೯

ಅಕ್ಕಾ,

ಮನೆಯವಳಿಂದ ಓದಿಸಿಕೊಂಡೆ. ಮಾತು ಬಿಟ್ಟಿದ್ದವಳು ನಿನ್ನ ಕೊನೆಯ ಪ್ಯಾರಾವನ್ನು ಮೂರು ಸಲ ಗಟ್ಟಿಯಾಗಿ ಓದಿದಳು. ಉತ್ತರ: ಹೌದು. ಮಾಡಿಸಿಕೊಂಡಿಲ್ಲ.

ನಾನು ಹೋಗಿದ್ದೆ. ಡಿಸೆಂಬರಿನಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ನನ್ನ ನಂಬರ್ ಕರೆದ ಕೂಡಲೇ ಎದ್ದು ಓಡಿಬಂದೆ. ಬಟ್ಟಲಿನ ವಿಷಯ ನನ್ನ ಪಕ್ಕ ಕೂತಿದ್ದವನು ಹೇಳಿದ್ದು. ನಿನಗೆ ಧೈರ್ಯ ಬರಲಿ ಅಂತ ನಾನು ಮಾಡಿಸಿಕೊಂಡೆ ಎಂದು ಬರೆದೆ, ದೇವರಾಣೆ. ಮೇಷ್ಟ್ರ ಮನೆಗೆ ಪಕ್ಕದ ಬೀದಿಯ ಪೇಂಟರ್ ಬಂದು ಮತ್ತೆ ಬಿಳಿ ಬಳಿದು ಹೋದ. ಈಗ ನನ್ನನ್ನು ಯಾರೂ ಕರೆಯುವುದಿಲ್ಲ.

ಯಾಕೆ ಓಡಿಬಂದೆ ಅಂತ ಯಾರಿಗೂ ಹೇಳಿಲ್ಲ, ಮನೆಯವಳಿಗೂ ಇಲ್ಲ. ಅಪ್ಪನ ಆಪರೇಷನ್ ನಿನಗೆ ನೆನಪಿದೆಯಲ್ಲ? ತಲೆಯ ಎರಡೂ ಕಡೆ ಮರಳಿನ ಚೀಲ ಇಟ್ಟು, ಅಲ್ಲಾಡಬಾರದು ಅಂತ ವಾರಗಟ್ಟಲೆ ಮಲಗಿಸಿದ್ದರು. ನನಗೆ ಒಂಬತ್ತು. ಸದ್ದು ಮಾಡಬೇಡ ಅಂತ ನೀನು ಹೇಳಿ ಹೊರಗೆ ಹೋದೆ. ನನ್ನ ಕೈಯಿಂದ ನೀರಿನ ಲೋಟ ಬಿತ್ತು. ಠಣ್ ಅಂತ ಇಡೀ ವಾರ್ಡಿಗೆ ಕೇಳಿಸಿತು. ಅಪ್ಪ ಬೆಚ್ಚಿ ತಲೆ ತಿರುಗಿಸಿದರು. ಆ ಕಣ್ಣು ಮತ್ತೆ ಬರಲೇ ಇಲ್ಲ. ಅಕ್ಕಾ, ಅಪ್ಪನ ಕಣ್ಣು ಕಳೆದವನು ನಾನು. ಆ ಬೆಂಚಿನ ಮೇಲೆ ಕೂತಾಗ ಒಳಗೆ ಯಾವುದೋ ಪಾತ್ರೆ ಬಿದ್ದ ಸದ್ದಾಯಿತು. ಅಷ್ಟೇ, ಕಾಲು ತಾನಾಗಿ ಎದ್ದಿತು.

ಮೊದ್ದು


ಮೇ ೫

ಮೊದ್ದು,

ಇದನ್ನೂ ಅವಳಿಂದಲೇ ಓದಿಸಿಕೋ, ಅವಳಿಗೂ ಗೊತ್ತಾಗಲಿ.

ಅಪ್ಪನ ಕಣ್ಣಿಗೆ ಕೀವಾಗಿತ್ತು. ನೀನು ಲೋಟ ಬೀಳಿಸುವುದಕ್ಕೆ ಎರಡು ದಿನ ಮೊದಲೇ ಡಾಕ್ಟರು ನನ್ನನ್ನೂ ಅಮ್ಮನನ್ನೂ ಹೊರಗೆ ಕರೆದು, ಈ ಕಣ್ಣು ಉಳಿಯುವುದಿಲ್ಲ ಎಂದಿದ್ದರು. ನಿನಗೆ ಹೇಳಲಿಲ್ಲ, ಚಿಕ್ಕವನು ಎಂದು. ಆಮೇಲೆ ಹೇಳಬೇಕು ಎಂದು ತೋಚಲಿಲ್ಲ. ನೀನು ಇದನ್ನು ಎದೆಯಲ್ಲಿಟ್ಟುಕೊಂಡು ಐವತ್ತೊಂದು ವರ್ಷ ತಿರುಗಿದೆ ಎಂದು ನನಗೆ ಹೇಗೆ ಗೊತ್ತಾಗಬೇಕು? ಅಯ್ಯೋ ಹುಚ್ಚಪ್ಪಾ, ಒಂದು ಸಲ ಕೇಳಬಾರದಿತ್ತೇ? ನಿನ್ನ ಕಾಗದ ಓದಿ ಹೊಸ ಕಣ್ಣಿನಲ್ಲಿ ಮೊದಲ ಸಲ ಅತ್ತೆ. ಉಜ್ಜಬಾರದು ಎಂದು ಹಾಗೇ ಸುರಿಯಲು ಬಿಟ್ಟೆ.

ಮರಳಿನ ಚೀಲದ ಕಾಲ ಹೋಯಿತು. ನಾನು ಅವತ್ತೇ ಮನೆಗೆ ನಡೆದು ಬಂದೆ. ನರ್ಸಮ್ಮನಿಗೆ ಹೇಳಿ ತಾರೀಕು ತೆಗೆದುಕೋ. ದೂರ ಕಾಣುವ ಮಸೂರವನ್ನೇ ಕೇಳು, ನಿನಗೆ ಗೋಡೆಯ ಮೇಲಂಚು ಕಾಣಬೇಕು, ಓದಲು ಕನ್ನಡಕ ಹಾಕಿಕೊಳ್ಳಬಹುದು. ಅಲ್ಲಿಯವರೆಗೆ ಏಣಿ ಹತ್ತಿದರೆ ಕಾಲು ಮುರಿಯುತ್ತೇನೆ. ಯಜಮಾನ ಎಂಟು ದಿನ ರಜೆ ಕೊಟ್ಟಿದ್ದಾನೆ. ನಾನು ಬರುತ್ತೇನೆ. ಬೆಂಚಿನ ಪಕ್ಕದಲ್ಲಿ ಕೂರುತ್ತೇನೆ, ನೀನು ಹೇಗೆ ಎದ್ದು ಓಡುತ್ತೀಯೋ ನೋಡುತ್ತೇನೆ.

ಅಕ್ಕ


ಜೂನ್ ೧೧

ಅಕ್ಕಾ,

ನೀನು ಕ್ಷೇಮವಾಗಿ ತಲುಪಿದ ಕಾಗದ ಬಂತು. ನನ್ನ ಕಣ್ಣು ಚೆನ್ನಾಗಿದೆ. ಎದುರು ಮನೆಯ ತಾರಸಿಯ ಮೇಲೆ ಒಣಗಿದ ಬಟ್ಟೆಯಲ್ಲಿ ಗುಂಡಿ ಎಷ್ಟಿವೆ ಎಂದು ಹೇಳಬಲ್ಲೆ, ಹೇಳಬೇಡಿ ಎಂದು ಮನೆಯವಳು ಬೈದಳು. ಮೇಷ್ಟ್ರ ಮನೆಗೆ ಹೋಗಿ ತಪ್ಪಾಯಿತು ಅಂದೆ. ಅಡುಗೆಮನೆ ಬಳಿಯಲು ಕರೆದಿದ್ದಾರೆ, ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಾರಂತೆ. ಜುಲೈನಲ್ಲಿ ಇನ್ನೊಂದು ಕಣ್ಣು. ನಿನ್ನದೂ ಅದೇ ತಿಂಗಳು ಮಾಡಿಸು.

ಎದುರಿಗೆ ಹೇಳಲಾಗದ ಒಂದು ಮಾತಿದೆ, ಅದನ್ನು ಬರೆಯಬೇಕು. ಅವತ್ತು ಒಳಗೆ ಮಲಗಿಸಿ ಮುಖಕ್ಕೆ ಬಟ್ಟೆ ಹೊದಿಸಿದರು, ಕಣ್ಣಿನ ಜಾಗ ಮಾತ್ರ ಬಿಟ್ಟು. ನನ್ನ ಮೈಯೆಲ್ಲ ಗಡಗಡ. ಡಾಕ್ಟರು, "ಹೀಗೆ ನಡುಗಿದ್ರೆ ಆಗಲ್ಲ ಯಜಮಾನರೇ" ಅಂದರು. ಯಾರೋ ಹೊರಗೆ ಹೋದರು, ಬಾಗಿಲು ತೆರೆದು ಮುಚ್ಚಿತು. ಆಮೇಲೆ ಒಂದು ಕೈ ಬಂದು ನನ್ನ ಕೈ ಹಿಡಿಯಿತು. ನರ್ಸ್ ಅಂದುಕೊಂಡೆ. ಮಾತಾಡಿದರೆ ಭಯ ಕಡಿಮೆಯಾಗುತ್ತದೆ ಎಂದು ಮೆಲ್ಲಗೆ ಹೇಳಿದೆ, "ಸಿಸ್ಟರ್, ಹೊರಗೆ ನಮ್ಮಕ್ಕ ಕೂತಿದ್ದಾಳೆ. ಬಾಯಿ ಜೋರು, ಆದ್ರೆ ಅವಳು ಬರದಿದ್ರೆ ನಾನು ಈ ಟೇಬಲ್ ಮೇಲೆ ಮಲಗ್ತಾನೇ ಇರ್ಲಿಲ್ಲ. ಅಮ್ಮನಿಗಿಂತ ಹೆಚ್ಚು ಅವಳು ನನಗೆ. ನಾನು ಹೀಗಂದೆ ಅಂತ ಅವಳಿಗೆ ಹೇಳ್ಬೇಡಿ, ತಲೆ ಮೇಲೆ ಕೂರ್ತಾಳೆ."

ಆ ಕೈ ನನ್ನನ್ನು ಚಿವುಟಿತು.

ಹೆಬ್ಬೆರಳಿನ ಬುಡದಲ್ಲಿ, ಉಗುರು ಒತ್ತಿ, ಸ್ವಲ್ಪ ತಿರುಚಿ. ನನ್ನನ್ನು ಹಾಗೆ ಚಿವುಟುವವರು ಈ ಭೂಮಿಯ ಮೇಲೆ ಒಬ್ಬರೇ ಇದ್ದಾರೆ. ನನ್ನ ನಡುಕ ಅಲ್ಲಿಗೆ ನಿಂತಿತು. "ಹಾ, ಈಗ ಸರಿಹೋಯ್ತು, ಶುರು ಮಾಡೋಣ" ಅಂದರು ಡಾಕ್ಟರು. ಆಪರೇಷನ್ ಮುಗಿಯುವವರೆಗೂ ಆ ಕೈ ಬಿಡಲಿಲ್ಲ.

ಹೊರಗೆ ಬಂದಾಗ ನೀನು ಬೆಂಚಿನ ಮೇಲೆ ಪೇಪರ್ ಹಿಡಿದು, ಎದ್ದೇ ಇಲ್ಲದವಳ ಹಾಗೆ ಕೂತಿದ್ದೆ. ಆಸ್ಪತ್ರೆಯ ಹಸಿರು ಟೋಪಿ ಇನ್ನೂ ನಿನ್ನ ತಲೆಯ ಮೇಲೇ ಇತ್ತು. ಮನೆಯವಳು ಹೇಳಹೊರಟಳು, ನಾನು ಅವಳ ಸೆರಗು ಎಳೆದೆ. ರಿಕ್ಷಾದಲ್ಲಿ ಮನೆಯವರೆಗೂ ನೀನು ಅದನ್ನು ಹಾಕಿಕೊಂಡೇ ಬಂದೆ.

ನಿನ್ನ ತಮ್ಮ